ಪೂಜನೀಯ ಮ್ಯಾಟ್ ಟಾಲ್ಬಟ್: ಜೇಬಿನಲ್ಲಿ ಕಾಸಿಡದೆ ಬದುಕಿದ ಕೂಲಿಯಾಳು

1884ರ ಒಂದು ಶನಿವಾರ. ಐರ್ಲೆಂಡ್ ದೇಶದ ಡಬ್ಲಿನ್ ನಗರದ ಕಾಲುವೆಯ ಮೇಲೆ ನ್ಯೂಕಮೆನ್ ಎಂಬ ಸೇತುವೆಯಿದೆ. ಅದರ ಸಮೀಪ ಓಮೇರಾ ಎಂಬವರ ಮದ್ಯದಂಗಡಿಯಿತ್ತು. ಅಂಗಡಿಯ ಹೊರಗೆ 28 ವರ್ಷದ ಯುವಕನೊಬ್ಬ ತಮ್ಮನ ಜೊತೆ ಗೋಡೆಗೊರಗಿ ನಿಂತಿದ್ದ. ಹೆಸರು ಮ್ಯಾಟ್ ಟಾಲ್ಬಟ್. ಆ ವಾರವಿಡೀ ಕುಡಿದು ಬಿದ್ದಿದ್ದರಿಂದ ಕೆಲಸಕ್ಕೆ ಹೋಗಿರಲಿಲ್ಲ, ಕೈಯಲ್ಲಿ ಬಿಡಿಗಾಸೂ ಇರಲಿಲ್ಲ. ಶನಿವಾರವೆಂದರೆ ಕೂಲಿಯ ದಿನ. ವಾರದ ಕೂಲಿ ಪಡೆದ ಗೆಳೆಯರೆಲ್ಲ ಈ ದಾರಿಯಲ್ಲೇ ಬರುತ್ತಾರೆ, ಯಾರಾದರೊಬ್ಬರು ಒಳಗೆ ಕರೆದು ಒಂದು ಲೋಟ ಕುಡಿಸುತ್ತಾರೆ ಎಂಬ ನಂಬಿಕೆ ಅವನಿಗೆ. ತನ್ನ ಕೈಯಲ್ಲಿ ಹಣವಿದ್ದಾಗ ಅವನು ಅವರಿಗೆಲ್ಲ ಧಾರಾಳವಾಗಿ ಕುಡಿಸಿದವನೇ.

ಗೆಳೆಯರು ಬಂದರು. ಇಬ್ಬರು ಮೂವರಾಗಿ ಬಂದರು. ಕ್ಷೇಮ ವಿಚಾರಿಸಿದರು, ಒಳಗೆ ಹೋದರು. ಒಬ್ಬರೂ ಅವನನ್ನು ಕರೆಯಲಿಲ್ಲ.

ಆ ಮೌನ ಮ್ಯಾಟ್‌ನ ಎದೆಗೆ ಚುಚ್ಚಿತು. ಅವನು ತಮ್ಮನನ್ನು ಅಲ್ಲಿಯೇ ಬಿಟ್ಟು ಮನೆಯ ದಾರಿ ಹಿಡಿದ. ಶನಿವಾರ ಇಷ್ಟು ಬೇಗ, ಅದೂ ಕುಡಿಯದೆ ಮನೆಗೆ ಬಂದ ಮಗನನ್ನು ಕಂಡು ತಾಯಿಗೆ ಆಶ್ಚರ್ಯವಾಯಿತು. ಊಟವಾದ ಮೇಲೆ ಅವನು ಮದ್ಯ ಬಿಡುವ ಪ್ರತಿಜ್ಞೆ ಮಾಡಲು ಹೋಗುತ್ತೇನೆಂದು ತಾಯಿಗೆ ತಿಳಿಸಿದ. ತಾಯಿ ಕೂಡಲೇ ಸಂತೋಷಪಡಲಿಲ್ಲ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ಮಾಡು, ಇಲ್ಲವಾದರೆ ದೇವರ ಹೆಸರಿನಲ್ಲಿ ಅದು ಬೇಡ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಗಂಡನನ್ನೂ ಮಕ್ಕಳನ್ನೂ ಕುಡಿತಕ್ಕೆ ಬಿಟ್ಟುಕೊಟ್ಟ ಹೆಂಗಸು ಎಷ್ಟು ಪ್ರತಿಜ್ಞೆಗಳನ್ನು ಕಂಡಿದ್ದಳೋ! ಮ್ಯಾಟ್ ಆ ಸಂಜೆಯೇ ಆಗ ಡಬ್ಲಿನ್ ಮಹಾಧರ್ಮಪ್ರಾಂತ್ಯದ ಗುರುಮಠವಾಗಿದ್ದ ಕ್ಲಾನ್‌ಲಿಫ್‌ನ ಹೋಲಿ ಕ್ರಾಸ್ ಕಾಲೇಜಿಗೆ ನಡೆದುಹೋಗಿ, ಅಲ್ಲಿನ ಗುರುಗಳೊಬ್ಬರಲ್ಲಿ ಪಾಪನಿವೇದನೆ ಮಾಡಿ, ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ತೆಗೆದುಕೊಂಡ. ಜೀವನಪರ್ಯಂತಕ್ಕಲ್ಲ, ಮೂರು ತಿಂಗಳ ಮಟ್ಟಿಗೆ.

ಈ ಮೂರು ತಿಂಗಳ ಲೆಕ್ಕವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮತ್ತೆ ಬರೋಣ. ಮೊದಲು ಈ ಯುವಕ ಅಲ್ಲಿಯವರೆಗೆ ಬಂದ ದಾರಿಯನ್ನು ನೋಡೋಣ.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಡಬ್ಲಿನ್ ನಗರದ ಉತ್ತರ ಭಾಗದ ಬಡವರ ಕೇರಿಯಲ್ಲಿ. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಹನ್ನೆರಡು ಮಕ್ಕಳಲ್ಲಿ ಇವನು ಎರಡನೆಯವನು. ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತ ಮಹಾಕ್ಷಾಮ ಮುಗಿದು ಆಗ ಹೆಚ್ಚು ವರ್ಷಗಳಾಗಿರಲಿಲ್ಲ. ಹಳ್ಳಿಗಳನ್ನು ತೊರೆದವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು, ಹೋಗಲಾಗದವರು ಡಬ್ಲಿನ್ನಿನ ಹಳೆಯ ಮನೆಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರವಾಗಿ ತುಂಬಿಕೊಂಡರು. ಟಾಲ್ಬಟ್ ಕುಟುಂಬವೂ ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಅಲೆಯುತ್ತಿತ್ತು. ತಂದೆಗೆ ಬಂದರಿನಲ್ಲಿ ಖಾಯಂ ಕೆಲಸವೇನೋ ಇತ್ತು. ಆದರೆ ಕುಡಿತವೂ ಇತ್ತು. ಹಿರಿಯ ಮಗ ಜಾನ್ ಒಬ್ಬನನ್ನು ಬಿಟ್ಟರೆ ಉಳಿದ ಗಂಡುಮಕ್ಕಳೆಲ್ಲ ಅದೇ ದಾರಿ ಹಿಡಿದರು.

ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾನೂನು ಆಗ ಅಲ್ಲಿರಲಿಲ್ಲ. ಮ್ಯಾಟ್ ಕ್ರಿಶ್ಚಿಯನ್ ಬ್ರದರ್ಸ್ ನಡೆಸುತ್ತಿದ್ದ ಶಾಲೆಗೆ ಸ್ವಲ್ಪ ಕಾಲ ಹೋದ. ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚು. ಹನ್ನೆರಡನೆಯ ವಯಸ್ಸಿನಲ್ಲಿ, ಅಂದರೆ 1868ರಲ್ಲಿ, ಮದ್ಯವನ್ನು ಬಾಟಲಿಗೆ ತುಂಬಿಸುವ ಕಂಪೆನಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಖಾಲಿಯೆಂದು ಹಿಂದಿರುಗಿ ಬಂದ ಬಾಟಲಿಗಳ ತಳದಲ್ಲಿ ಉಳಿದಿದ್ದನ್ನು ಹುಡುಗರು ಕುಡಿಯುತ್ತಿದ್ದರು. ಮ್ಯಾಟ್ ಕೂಡ ಕುಡಿದ. ಒಂದು ವರ್ಷ ಕಳೆಯುವಷ್ಟರಲ್ಲಿ ಆ ಬಾಲಕ ಓಲಾಡುತ್ತ ಮನೆಗೆ ಬರುವುದು ಸಾಮಾನ್ಯವಾಯಿತು. ಗಾಬರಿಗೊಂಡ ತಂದೆ ಅವನನ್ನು ಅಲ್ಲಿಂದ ಬಿಡಿಸಿ ತನ್ನ ಕಣ್ಣೆದುರಿನಲ್ಲೇ ಇರಲೆಂದು ಬಂದರಿನ ಕೆಲಸಕ್ಕೆ ಸೇರಿಸಿದ. ಬಂದರಿನಲ್ಲಿ ಸಿಕ್ಕಿದ್ದು ಬಿಯರಿನ ಬದಲು ವಿಸ್ಕಿ! ತಂದೆಯ ಏಟುಗಳಿಂದಲೂ ಏನೂ ಬದಲಾಗಲಿಲ್ಲ. ಕೊನೆಗೆ ತಂದೆಗೆ ಅವಮಾನವಾಗಬಾರದೆಂದು ಮ್ಯಾಟ್ ಆ ಕೆಲಸ ಬಿಟ್ಟು ಕಟ್ಟಡ ಗುತ್ತಿಗೆದಾರರ ಬಳಿ ಗಾರೆಯವರಿಗೆ ಇಟ್ಟಿಗೆ, ಗಾರೆ ಹೊತ್ತುಕೊಡುವ ಆಳಾದ.

ಕೆಲಸದಲ್ಲಿ ಮಾತ್ರ ಅವನು ಗಟ್ಟಿಗ. ಅವನಷ್ಟು ಬೇಗ ಇಟ್ಟಿಗೆ ಹೊರುವವರಿರಲಿಲ್ಲವೆಂದು ಜೊತೆಯವರು ನೆನಪಿಸಿಕೊಂಡಿದ್ದಾರೆ. ಆದರೆ ವಾರದ ಕೂಲಿ ಮದ್ಯದಂಗಡಿಗೆ ಹೋಗುತ್ತಿತ್ತು. ಕೂಲಿ ಸಾಲದಿದ್ದರೆ ಸಾಲ, ಸಾಲ ಸಿಗದಿದ್ದರೆ ಕಾಲಿನ ಬೂಟುಗಳನ್ನು ಅಡವಿಟ್ಟು ಬರಿಗಾಲಲ್ಲಿ ಮನೆಗೆ ಬರುವುದು. ಒಂದು ಸಲ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬ ಇವರ ಗುಂಪಿನ ಜೊತೆ ಕುಡಿಯಲು ಕುಳಿತ. ಅವನ ಪಿಟೀಲನ್ನೇ ಕದ್ದು ಮಾರಿ ಆ ಹಣದಲ್ಲಿ ಇವರು ಕುಡಿದರು. ಒಬ್ಬ ಮನುಷ್ಯನ ಅನ್ನವನ್ನೇ ಕಸಿದುಕೊಂಡ ಆ ಪಾಪ ಮ್ಯಾಟ್‌ನ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ.

ಇಷ್ಟಾದರೂ ಅವನು ಭಾನುವಾರದ ಬಲಿಪೂಜೆಯನ್ನು ಪೂರ್ತಿ ಬಿಟ್ಟಿರಲಿಲ್ಲ. ಸಂಸ್ಕಾರಗಳಿಂದ ಮಾತ್ರ ಹಲವು ವರ್ಷ ದೂರವಿದ್ದ. ಹದಿನಾರು ವರ್ಷಗಳ ಕುಡಿತ ಹೀಗೆ ಸಾಗಿ ಬಂದು ನಿಂತದ್ದು ಓಮೇರಾ ಅಂಗಡಿಯ ಗೋಡೆಯ ಬಳಿ.

ಪ್ರತಿಜ್ಞೆ ಮಾಡಿದ ಮರುದಿನ, ಭಾನುವಾರ, ಮ್ಯಾಟ್ ಗಾರ್ಡಿನರ್ ಬೀದಿಯಲ್ಲಿರುವ ಯೇಸುಸಭೆಯ ಗುರುಗಳ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನಲ್ಲಿ ಬೆಳಗಿನ ಐದು ಗಂಟೆಯ ಪೂಜೆಗೆ ಹೋಗಿ ಪರಮಪ್ರಸಾದ ಸ್ವೀಕರಿಸಿದರು. ಸೋಮವಾರ ಕೆಲಸ. ಹಗಲೇನೋ ಹೇಗೋ ಕಳೆಯುತ್ತದೆ, ಹೆಗಲ ಮೇಲೆ ಇಟ್ಟಿಗೆಯಿರುವಾಗ ಬೇರೆ ಯೋಚನೆಗೆ ಎಡೆಯಿಲ್ಲ. ಕಷ್ಟವೆಲ್ಲ ಸಂಜೆಯದು. ಕೆಲಸ ಮುಗಿದ ಕೂಡಲೇ ಗೆಳೆಯರ ಗುಂಪು ಅಂಗಡಿಯ ಕಡೆ ತಿರುಗುತ್ತದೆ, ಹದಿನಾರು ವರ್ಷ ಅದೇ ದಾರಿಯಲ್ಲಿ ನಡೆದ ಕಾಲುಗಳು ಕೇಳದೆಯೇ ಅತ್ತ ಹೋಗುತ್ತವೆ. ಮನೆಗೆ ಹೋದರೆ ಅಲ್ಲಿಯೂ ಕುಡಿದು ಬರುವ ಅಣ್ಣತಮ್ಮಂದಿರು.

ಮ್ಯಾಟ್ ಏನು ಮಾಡಿದರು? ಸಂಜೆ ಕೆಲಸ ಬಿಟ್ಟೊಡನೆ ಗೆಳೆಯರಿಗೆ ಸಿಗದ ಬೀದಿಗಳಲ್ಲಿ ನಡೆಯತೊಡಗಿದರು. ಪರಿಚಯದವರು ಇಲ್ಲದ ದೂರದ ಚರ್ಚುಗಳನ್ನು ಹುಡುಕಿ, ಅಲ್ಲಿ ಪರಮಪ್ರಸಾದದ ಮುಂದೆ ಕುಳಿತು, ಬಾಗಿಲು ಹಾಕುವ ಹೊತ್ತಿಗೆ ಮನೆಗೆ ಹಿಂದಿರುಗುತ್ತಿದ್ದರು. ಆ ದಿನಗಳಲ್ಲಿ ಅವರು ದೊಡ್ಡ ಪ್ರಾರ್ಥನಾವಂತರೇನೂ ಆಗಿರಲಿಲ್ಲ. ಪ್ರಾರ್ಥಿಸುವುದು ಹೇಗೆಂದೇ ಹೆಚ್ಚು ಗೊತ್ತಿರಲಿಲ್ಲ. ಚರ್ಚು ಆಗ ಅವರಿಗೆ ಮೊದಲಾಗಿ ಕುಡಿಯದೆ ಕುಳಿತುಕೊಳ್ಳಬಹುದಾದ ಒಂದು ಜಾಗವಾಗಿತ್ತು. ಭಕ್ತಿ ಆಮೇಲೆ ಬಂತು. ಇದನ್ನು ಹೇಳುವುದರಲ್ಲಿ ಅವರಿಗೆ ಅಗೌರವವಿಲ್ಲ ಎಂದುಕೊಂಡಿದ್ದೇನೆ.

ಆ ಮೂರು ತಿಂಗಳು ಅವರಿಗೆ ನರಕವೇ ಆಗಿತ್ತು. ಕುಡಿತ ಬಿಟ್ಟಾಗ ದೇಹಕ್ಕಾಗುವ ನಡುಕ, ನಿದ್ದೆಗೇಡು, ಸಂಕಟಗಳಿಗೆ ಔಷಧಿ ಕೊಡುವವರು ಅಂದು ಇರಲಿಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಮ್ಯಾಟ್ ಸತ್ತು ಹತ್ತು ವರ್ಷಗಳ ನಂತರ. ಇನ್ನು ಆಗುವುದಿಲ್ಲ, ಮೂರು ತಿಂಗಳು ಮುಗಿದ ಕೂಡಲೇ ಮತ್ತೆ ಕುಡಿಯುತ್ತೇನೆ ಎಂದು ಅವರು ತಾಯಿಯ ಬಳಿ ಹೇಳಿಕೊಂಡದ್ದುಂಟು. ತಾಯಿ ಧೈರ್ಯ ತುಂಬಿದರು. ಮೂರು ತಿಂಗಳು ಮುಗಿದವು. ಅವರು ಕುಡಿಯಲಿಲ್ಲ, ಆರು ತಿಂಗಳಿಗೆ ಪ್ರತಿಜ್ಞೆ ಮಾಡಿದರು. ಅದೂ ಮುಗಿದ ಮೇಲೆ ಜೀವನಪರ್ಯಂತದ ಪ್ರತಿಜ್ಞೆ ಮಾಡಿದರು.

ಮೊದಲು ಹೇಳಿದ ಲೆಕ್ಕ ಇದೇ. ನಮ್ಮ ಕಡೆ ಧ್ಯಾನಕೂಟದ ಕೊನೆಯ ದಿನ ಕಣ್ಣೀರಿನೊಂದಿಗೆ ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಹೇಳಿ, ಎರಡು ವಾರ ಕಳೆಯುವ ಮೊದಲೇ ಜಾರಿದವರನ್ನು ಕಂಡವರಿದ್ದಾರೆ. ಜಾರಿದವನಿಗೆ ಮುಂದೆ ಗುರುಗಳ ಮುಖ ನೋಡಲೂ ನಾಚಿಕೆ. ಮ್ಯಾಟ್‌ಗೆ ಪ್ರತಿಜ್ಞೆ ಕೊಟ್ಟ ಗುರುಗಳು ಜನರ ಬಲಹೀನತೆಯನ್ನು ಬಲ್ಲವರಾಗಿದ್ದಿರಬೇಕು. ಹದಿನಾರು ವರ್ಷ ಕುಡಿದವನಿಗೆ ಇಡೀ ಆಯುಷ್ಯ ಕುಡಿಯದಿರುವುದು ಊಹಿಸಲೂ ಆಗದ ಮಾತು. ಮೂರು ತಿಂಗಳನ್ನು ಊಹಿಸಬಹುದು. ಕುಡಿಯುತ್ತೇನೆ, ಆದರೆ ಆ ಅವಧಿ ಮುಗಿದ ಮೇಲೆ ಎಂದುಕೊಂಡೇ ಅವರು ಪ್ರತಿದಿನವನ್ನು ದಾಟಿದರು. ಒಳಗಿನ ವಿರೋಧಿಗೆ ನಾಳೆ ಬಾ ಎಂದು ಹೇಳಿ ಕಳುಹಿಸಿದಂತೆ.

ಆ ಆರಂಭದ ದಿನಗಳಲ್ಲಿ ನಡೆದ ಒಂದು ಘಟನೆಯನ್ನು ಅವರ ಜೀವನಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಒಂದು ಸಂಜೆ ಎಂದಿನಂತೆ ನಡೆಯುತ್ತಿದ್ದಾಗ ಮದ್ಯದ ವಾಸನೆಯೋ, ಒಳಗಿನ ಗದ್ದಲವೋ, ಅವರನ್ನು ಒಂದು ಅಂಗಡಿಯ ಒಳಗೆ ಎಳೆದೇಬಿಟ್ಟಿತು. ಜೇಬಿನಲ್ಲಿ ಸ್ವಲ್ಪ ಹಣವಿತ್ತು. ಅಂಗಡಿಯಲ್ಲಿ ಜನವೋ ಜನ. ಮಾರುವವನು ಪರಿಚಿತ ಗಿರಾಕಿಗಳಿಗೆ ಕೊಡುವ ಗಡಿಬಿಡಿಯಲ್ಲಿ ಇವರತ್ತ ನೋಡಲೇ ಇಲ್ಲ. ಸ್ವಲ್ಪ ಹೊತ್ತು ಕಾದು ನಿಂತ ಮ್ಯಾಟ್ ಥಟ್ಟನೆ ಹೊರಗೆ ಬಂದು, ಗಾರ್ಡಿನರ್ ಬೀದಿಯ ಚರ್ಚಿಗೆ ಹೋಗಿ, ಬಾಗಿಲು ಹಾಕುವವರೆಗೆ ಅಲ್ಲಿಂದ ಕದಲಲಿಲ್ಲ.

ಅಂದು ಪ್ರತಿಜ್ಞೆ ಉಳಿದದ್ದು ಮ್ಯಾಟ್ ಅವರ ಮನೋಬಲದಿಂದಲ್ಲ, ಅಂಗಡಿಯವನ ಗಡಿಬಿಡಿಯಿಂದ. ಇದನ್ನು ಅವರು ಸ್ಪಷ್ಟವಾಗಿ ಅರಿತರು. ಮನಸ್ಸು ಗಟ್ಟಿಮಾಡಿಕೊಳ್ಳಬೇಕು ಎಂದು ತಮಗೆ ತಾವೇ ಉಪದೇಶ ಮಾಡಿಕೊಳ್ಳಲಿಲ್ಲ. ಇನ್ನು ಮುಂದೆ ಜೇಬಿನಲ್ಲಿ ಹಣವಿಟ್ಟುಕೊಂಡು ಹೊರಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದರು. ಕಾಸಿಲ್ಲದವನು ಅಂಗಡಿಯೊಳಗೆ ಹೋಗಿ ಏನು ಮಾಡಿಯಾನು? ಈ ನಿಯಮವನ್ನು ಅವರು ಬಹುಕಾಲ ಪಾಲಿಸಿದರು. ಕಾಸಿಲ್ಲದ ಅದೇ ಜೇಬು ಓಮೇರಾ ಅಂಗಡಿಯ ಎದುರು ಅವರಿಗೆ ಅವಮಾನವಾಗಿತ್ತು. ಈಗ ಕಾವಲಾಯಿತು.

ಮ್ಯಾಟ್ ಟಾಲ್ಬಟ್ ಎಂದರೆ ಉಕ್ಕಿನಂಥ ಮನಸ್ಸಿನವರು, ನಮ್ಮಂಥವರಿಗೆ ಅದೆಲ್ಲ ಆಗುವ ಮಾತಲ್ಲ ಎಂದು ಕೆಲವರು ಬದಿಗಿಡುತ್ತಾರೆ. ಅವರ ಜೀವನವನ್ನು ನಿಧಾನವಾಗಿ ಓದಿದರೆ ಕಾಣುವುದು ಬೇರೆಯೇ. ತಮ್ಮ ಮನಸ್ಸನ್ನು ಕಾಸಿನಷ್ಟೂ ನಂಬದ ಮನುಷ್ಯ ಅವರು. ನಂಬಿಕೆಯಿಲ್ಲದ ಆಳಿಗೆ ಯಜಮಾನನು ಬೀಗದ ಕೈ ಕೊಡುವುದಿಲ್ಲ. ಹಾಗೆ ಅವರು ತಮ್ಮ ಮನಸ್ಸಿಗೆ ಹಣ ಕೊಡಲಿಲ್ಲ, ಹಳೆಯ ದಾರಿ ಕೊಡಲಿಲ್ಲ, ಖಾಲಿ ಸಂಜೆ ಕೊಡಲಿಲ್ಲ.

ಬೈಗುಳದ ಚಟವನ್ನು ಬಿಟ್ಟದ್ದೂ ಇದೇ ರೀತಿ. ಕಟ್ಟಡದ ಕೆಲಸದವರ ನಾಲಿಗೆಯಲ್ಲಿ ದೇವರ ಹೆಸರು ಹಗುರವಾಗಿ ಬರುವುದು ಸಾಮಾನ್ಯ. ಮ್ಯಾಟ್ ತಮ್ಮ ಅಂಗಿಯ ತೋಳಿಗೆ ಎರಡು ಗುಂಡುಸೂಜಿಗಳನ್ನು ಶಿಲುಬೆಯ ಆಕಾರದಲ್ಲಿ ಚುಚ್ಚಿಕೊಂಡರು. ಕೈ ಎತ್ತಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು, ನಾಲಿಗೆ ತಡೆಯುತ್ತಿತ್ತು. ಹೊಗೆಸೊಪ್ಪಿನ ಕಥೆ ಇನ್ನೂ ಚಿಕ್ಕದು. ಒಂದು ದಿನ ಕೆಲಸದ ಜೊತೆಗಾರನೊಬ್ಬ ಸ್ವಲ್ಪ ಹೊಗೆಸೊಪ್ಪು ಕೇಳಿದ. ಆಗಷ್ಟೇ ಹೊಸ ಪೈಪ್ ಮತ್ತು ಹೊಗೆಸೊಪ್ಪು ಕೊಂಡಿದ್ದ ಮ್ಯಾಟ್ ಎರಡನ್ನೂ ಅವನ ಕೈಗಿತ್ತರು. ಅಂದಿನಿಂದ ಸೇದಲಿಲ್ಲ. ಕುಡಿತಕ್ಕಿಂತ ಇದನ್ನು ಬಿಡುವುದೇ ಕಷ್ಟವಾಯಿತೆಂದು ಮುಂದೆ ಹೇಳಿಕೊಂಡರು.

ಆದರೆ ಎಲ್ಲ ಹೋರಾಟವೂ ಜೇಬು, ಸೂಜಿಗಳಿಂದ ಬಗೆಹರಿಯುವಂಥದ್ದಾಗಿರಲಿಲ್ಲ. ಒಂದು ಭಾನುವಾರ ಪರಮಪ್ರಸಾದ ಸ್ವೀಕರಿಸಲು ಹೊರಟಾಗ, ಇದೆಲ್ಲ ವ್ಯರ್ಥ, ನೀನು ಎಂದಾದರೂ ಮತ್ತೆ ಕುಡಿಯುವವನೇ ಎಂಬ ನಿರಾಶೆ ಅವರನ್ನು ಹಿಡಿದು ಅಲ್ಲಾಡಿಸಿತು. ಮುಂದೆ ಹೆಜ್ಜೆಯಿಡಲಾಗದೆ ಹೊರಗೆ ಬಂದರು. ಬೇರೊಂದು ಚರ್ಚಿಗೆ ಹೋದರು, ಅಲ್ಲಿಯೂ ಹಾಗೆಯೇ ಆಯಿತು. ಅಲೆದಲೆದು ಕೊನೆಗೆ ಚರ್ಚಿನ ಮೆಟ್ಟಿಲುಗಳ ಮೇಲೆ ಕೈಚಾಚಿ ಬೋರಲು ಬಿದ್ದು ಮೊರೆಯಿಟ್ಟರು. ಪೂಜೆಗೆ ಬರುವವರು ಕುಡಿದು ಬಿದ್ದಿದ್ದಾನೆಂದು ತಿಳಿದಿದ್ದರೆ ಅಚ್ಚರಿಯಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಒಳಗೆ ಹೋಗಿ ಪರಮಪ್ರಸಾದ ಪಡೆದರು.

ಪ್ರತಿಜ್ಞೆ ಮಾಡಿದ ಮೇಲೆ ಅವರು ಹಳೆಯ ಲೆಕ್ಕಗಳನ್ನು ತೀರಿಸಲು ಹೊರಟರು. ಸಾಲ ಕೊಟ್ಟಿದ್ದ ಮದ್ಯದಂಗಡಿಗಳಿಗೆ ಬಾಕಿಯನ್ನೆಲ್ಲ ಕೊಟ್ಟು ಮುಗಿಸಿದರು. ಪಿಟೀಲಿನ ಆ ಬಡವನನ್ನು ಡಬ್ಲಿನ್ನಿನಲ್ಲೆಲ್ಲ ಹುಡುಕಿದರು. ಹಲವು ಕಾಲ ಹುಡುಕಿದರೂ ಅವನು ಸಿಗಲಿಲ್ಲ. ಅವನಿಗೆ ಸಲ್ಲಬೇಕಾದ ಹಣದಿಂದ ಅವನ ಆತ್ಮಕ್ಕಾಗಿ ಬಲಿಪೂಜೆಗಳನ್ನು ಮಾಡಿಸಿದರು. ತೀರಿಸಲಾಗದ ಸಾಲವೊಂದು ಹಾಗೆಯೇ ಉಳಿಯಿತು.

ಅಣ್ಣತಮ್ಮಂದಿರನ್ನು ಕುಡಿತದಿಂದ ಬಿಡಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಇದು ಅವರಿಗೆ ದೊಡ್ಡ ನೋವು. ಕೆಲಕಾಲ ಅವರು ಮನೆ ಬಿಟ್ಟು ಬೇರೆ ಕೋಣೆಯಲ್ಲಿ ವಾಸಿಸಿದರು. ಆದರೂ ಕುಡುಕರ ಬಗ್ಗೆ ಕಟುವಾಗಿ ಮಾತನಾಡುವುದನ್ನು ಅವರು ಸಹಿಸುತ್ತಿರಲಿಲ್ಲ. ಕುಡಿತ ಬಿಡುವುದೆಂದರೆ ಸತ್ತವನನ್ನು ಎಬ್ಬಿಸಿದಷ್ಟೇ ಕಷ್ಟ, ಆದರೆ ದೇವರಿಗೆ ಎರಡೂ ಸಾಧ್ಯ ಎಂಬುದು ಅವರ ಅನುಭವದ ಮಾತಿನ ಸಾರ. ಧರ್ಮಕೇಂದ್ರಗಳಲ್ಲಿ ಇಂಥ ಕುಟುಂಬಗಳ ಮನೆ ಮನೆಗೆ ಹೋಗುವವರಿಗೆ ಈ ಮಾತು ಉಪಯೋಗಕ್ಕೆ ಬರಬಹುದು. ಬಿಟ್ಟವನೇ ಬಿಡಲಾಗದವನ ಬಗ್ಗೆ ಇಷ್ಟು ಮೃದುವಾಗಿದ್ದರೆ, ಎಂದೂ ಕುಡಿಯದ ನಮಗೆ ಗದರುವ ಹಕ್ಕು ಎಲ್ಲಿಂದ ಬಂತು?

ಮುಂದಿನ ನಲವತ್ತು ವರ್ಷಗಳನ್ನು ಚುಟುಕಾಗಿ ಹೇಳಬಹುದು, ಏಕೆಂದರೆ ಆ ವರ್ಷಗಳಲ್ಲಿ ಹೊರಗಿನಿಂದ ನೋಡಿದರೆ ಏನೂ ನಡೆಯಲಿಲ್ಲ. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. 1892ರಲ್ಲಿ ಗಾರ್ಡಿನರ್ ಬೀದಿಯ ಚರ್ಚಿನಲ್ಲಿ ಐದು ಗಂಟೆಯ ಪೂಜೆಯನ್ನು ಆರೂಕಾಲಕ್ಕೆ ಬದಲಾಯಿಸಿದರು. ಆ ಹೊತ್ತಿಗೆ ಕಟ್ಟಡದ ಕೆಲಸ ಆರಂಭವಾಗುತ್ತಿತ್ತು. ಮ್ಯಾಟ್ ಪೂಜೆ ಬಿಡಲಿಲ್ಲ, ಕೆಲಸ ಬಿಟ್ಟರು. ಎಂಟು ಗಂಟೆಗೆ ಬಾಗಿಲು ತೆರೆಯುವ ಟಿ. ಅಂಡ್ ಸಿ. ಮಾರ್ಟಿನ್ ಎಂಬ ಮರದ ಡಿಪೋದಲ್ಲಿ ಕೂಲಿಯಾಳಾಗಿ ಸೇರಿ, ಕೊನೆಯವರೆಗೂ ಅಲ್ಲಿಯೇ ದುಡಿದರು. ತಂದೆ 1899ರಲ್ಲಿ ತೀರಿಕೊಂಡ ಮೇಲೆ ತಾಯಿಯ ಜೊತೆ ಒಂದೇ ಕೋಣೆಯಲ್ಲಿದ್ದು, 1915ರಲ್ಲಿ ಆಕೆ ತೀರಿಕೊಳ್ಳುವವರೆಗೆ ನೋಡಿಕೊಂಡರು. ಕುಡಿದು ಬರುವ ಮಗನಿಗಾಗಿ ಕಾದ ತಾಯಿ ಕಡೆಯ ವರ್ಷಗಳಲ್ಲಿ ರಾತ್ರಿ ಎಚ್ಚರವಾದಾಗ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಮಗನನ್ನು ಕಂಡರು.

ಅವರ ದಿನಚರಿ ಹೀಗಿತ್ತು. ಮಲಗುವುದು ಹಲಗೆಯ ಮೇಲೆ, ತಲೆಗೆ ಮರದ ತುಂಡು. ರಾತ್ರಿ ಎರಡು ಗಂಟೆಗೆ ಎದ್ದು ಪ್ರಾರ್ಥನೆ, ಸ್ವಲ್ಪ ವಿರಾಮ, ನಂತರ ಪೂಜೆ, ಪೂಜೆಯಿಂದ ಕೆಲಸಕ್ಕೆ. ಊಟ ಹೆಚ್ಚಾಗಿ ಒಣ ರೊಟ್ಟಿ ಮತ್ತು ಕೋಕೋ. ಡಿಪೋದಲ್ಲಿ ಬಿಡುವು ಸಿಕ್ಕರೆ ಮರದ ರಾಶಿಯ ಹಿಂದೆ ಹೋಗಿ ಪ್ರಾರ್ಥನೆ. ಕೂಲಿಯಲ್ಲಿ ತಮಗೆ ಬೇಕಾದ ಅಲ್ಪವನ್ನು ಇಟ್ಟುಕೊಂಡು ಉಳಿದದ್ದನ್ನು ಸಂಸಾರವಿರುವ ಜೊತೆಗಾರರಿಗೂ, ಅನಾಥಾಲಯಗಳಿಗೂ, ಚೀನಾ ದೇಶದ ಧರ್ಮಪ್ರಚಾರಕ್ಕೂ ಕೊಡುತ್ತಿದ್ದರು. 1913ರಲ್ಲಿ ಮಾಲೀಕರು ಡಬ್ಲಿನ್ನಿನ ಸುಮಾರು 20,000 ಕಾರ್ಮಿಕರನ್ನು ಕೆಲಸದಿಂದ ಹೊರಗಿಟ್ಟಾಗ ಇವರೂ ಕೆಲಸವಿಲ್ಲದೆ ಉಳಿದರು. ಸಂಘ ಕೊಡುತ್ತಿದ್ದ ಹಣವನ್ನು, ದುಡಿಯದೆ ತೆಗೆದುಕೊಳ್ಳಲಾರೆನೆಂದು ಮೊದಲು ನಿರಾಕರಿಸಿ, ಆಮೇಲೆ ತಮ್ಮ ಪಾಲನ್ನು ಇತರರಿಗೆ ಹಂಚಲು ಬಿಟ್ಟುಕೊಟ್ಟರು.

ಅವರ ಓದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯಲ್ಲಿ ಅಕ್ಷರ ಕೂಡಿಸಿ ಓದುವಷ್ಟನ್ನು ಮಾತ್ರ ಕಲಿತಿದ್ದ ಈ ಕೂಲಿಯಾಳು ಸಂತ ಅಗಸ್ಟೀನರ ನಿವೇದನೆಗಳನ್ನೂ, ಆವಿಲಾದ ಸಂತ ತೆರೇಸಾ, ಸಿಯೆನಾದ ಸಂತ ಕ್ಯಾಥರಿನ್ ಅವರ ಜೀವನವನ್ನೂ ಓದಿದರು. ಓದು ಅವರಿಗೆ ಇಟ್ಟಿಗೆ ಹೊರುವುದಕ್ಕಿಂತ ಕಷ್ಟ. ಅರ್ಥವಾಗದ ಪದಗಳನ್ನು, ಸಾಲುಗಳನ್ನು ಕಾಗದದ ಚೂರುಗಳಲ್ಲಿ ತಪ್ಪು ಕಾಗುಣಿತದಲ್ಲಿ ಬರೆದುಕೊಂಡು ಗುರುಗಳ ಬಳಿ ಹೋಗಿ ಕೇಳುತ್ತಿದ್ದರು. ಕ್ಲಾನ್‌ಲಿಫ್ ಗುರುಮಠದ ತತ್ವಶಾಸ್ತ್ರದ ಪ್ರಾಧ್ಯಾಪಕ ಡಾ. ಮೈಕಲ್ ಹಿಕ್ಕಿಯವರು ಅವರ ಆತ್ಮೀಯ ಮಾರ್ಗದರ್ಶಕರಾದರು. ಅವರ ಮರಣಾನಂತರ ಪುಸ್ತಕಗಳ ನಡುವೆ ಆ ಚೀಟಿಗಳು ಸಿಕ್ಕಿದವು. ತಮ್ಮ ಬಗ್ಗೆ ಅವರು ಬೇರೇನೂ ಬರೆದಿಟ್ಟಿಲ್ಲ.

1923ರಿಂದ ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಅವರನ್ನು ಆಸ್ಪತ್ರೆ ಸೇರಿಸಿತು. ಬಹುಕಾಲ ಕೆಲಸಕ್ಕೆ ಹೋಗಲಾಗಲಿಲ್ಲ. 1925ರ ವಸಂತದಲ್ಲಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಡಿಪೋಗೆ ಹೋದರು. ಆಗ ಅವರಿಗೆ 69. ಜೂನ್ 7, ಪರಮ ತ್ರಿತ್ವದ ಭಾನುವಾರ. ಬೆಳಗ್ಗೆ ಒಂದು ಪೂಜೆಯಲ್ಲಿ ಭಾಗವಹಿಸಿ ಮನೆಗೆ ಬಂದು, ಇನ್ನೊಂದು ಪೂಜೆಗಾಗಿ ಡೊಮಿನಿಕನ್ ಗುರುಗಳ ಸಂತ ಸೇವಿಯರ್ ಚರ್ಚಿನತ್ತ ಗ್ರ್ಯಾನ್‌ಬಿ ಲೇನ್ ಎಂಬ ಓಣಿಯಲ್ಲಿ ನಡೆಯುತ್ತಿದ್ದಾಗ ಕುಸಿದುಬಿದ್ದರು. ಹತ್ತಿರದವರು ನೀರು ಕುಡಿಸಿದರು. ಗುರುಗಳು ಬಂದು ಪ್ರಾರ್ಥಿಸಿದರು. ಅಲ್ಲಿಯೇ ಪ್ರಾಣ ಹೋಯಿತು. ಅವರು ಯಾರೆಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಜೆರ್ವಿಸ್ ಬೀದಿಯ ಆಸ್ಪತ್ರೆಯಲ್ಲಿ ಶವದ ಬಟ್ಟೆ ತೆಗೆದವರು ಬೆಚ್ಚಿದರು. ಸೊಂಟದ ಸುತ್ತ ಸರಪಳಿ, ಅದಕ್ಕೆ ಸಿಕ್ಕಿಸಿದ ಪದಕಗಳು, ಒಂದು ತೋಳಿಗೂ ಕಾಲಿಗೂ ಚಿಕ್ಕ ಸರಪಳಿ, ಹಗ್ಗ. ಮಾತೆ ಮರಿಯಳಿಗೆ ಸಂಪೂರ್ಣವಾಗಿ ಒಪ್ಪಿಸಿಕೊಂಡವರು ಅದರ ಗುರುತಾಗಿ ಸರಪಳಿ ಧರಿಸುವ ಪದ್ಧತಿಯನ್ನು ಸಂತ ಲೂಯಿ ದ ಮೋಂಟ್‌ಫೋರ್ಟ್ ತಮ್ಮ ಗ್ರಂಥದಲ್ಲಿ ಹೇಳಿದ್ದಾರೆ. ಮ್ಯಾಟ್ ಅದನ್ನು ಓದಿದ್ದರು. ಅವರ ಹೆಸರು ಲೋಕಕ್ಕೆ ತಿಳಿದದ್ದು ಈ ಸರಪಳಿಗಳಿಂದಲೇ. ಇಂದಿಗೂ ಅವರ ಬಗ್ಗೆ ಕೇಳಿದವರು ಮೊದಲು ಹೇಳುವುದು ಅದನ್ನೇ. ನನಗೇಕೋ ಇದು ಸ್ವಲ್ಪ ನಷ್ಟವೆಂದು ಅನಿಸುತ್ತದೆ. ಸರಪಳಿಯನ್ನು ಕಂಡು ಬೆರಗಾದವರು ಖಾಲಿ ಜೇಬನ್ನು ಮರೆಯುತ್ತಾರೆ. ಸರಪಳಿ ಧರಿಸಲು ಯಾರಿಗೂ ಧರ್ಮಸಭೆ ಹೇಳುವುದಿಲ್ಲ. ಜೇಬು ಖಾಲಿ ಮಾಡಿಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋಗುವುದು ಯಾರಿಗೂ ಆಗುವ ಕೆಲಸ.

ಜೂನ್ 11ರಂದು, ಪರಮಪ್ರಸಾದದ ಹಬ್ಬದ ದಿನ, ಗ್ಲಾಸ್ನೆವಿನ್ ಸ್ಮಶಾನದಲ್ಲಿ ಅವರನ್ನು ಮಣ್ಣುಮಾಡಿದರು. ಬಂದವರು ಬೆರಳೆಣಿಕೆಯ ಜನ. ಮರುವರ್ಷ, 1926ರಲ್ಲಿ, ಸರ್ ಜೋಸೆಫ್ ಗ್ಲಿನ್ ಅವರು ಬರೆದ ಪುಟ್ಟ ಜೀವನಚರಿತ್ರೆ ಪ್ರಕಟವಾಗಿ ಹಲವು ಭಾಷೆಗಳಿಗೆ ಹೋಯಿತು. 1931ರಲ್ಲಿ ಡಬ್ಲಿನ್ನಿನಲ್ಲಿ ಸಂತ ಪದವಿಯ ವಿಚಾರಣೆ ಆರಂಭವಾದಾಗ ಅಕ್ಕತಂಗಿಯರು, ಡಿಪೋದ ಜೊತೆಗಾರರು, ನೆರೆಯವರು ಬಂದು ತಾವು ಕಂಡದ್ದನ್ನು ಹೇಳಿದರು. ಅವರ ಕಳ್ಳತನ, ಅಡವಿಟ್ಟ ಬೂಟು, ಪಿಟೀಲು, ಎಲ್ಲವೂ ನಮಗೆ ಗೊತ್ತಾದದ್ದು ಇಂಥ ನೆನಪುಗಳಿಂದ. 1975ರ ಅಕ್ಟೋಬರ್ 3ರಂದು ಜಗದ್ಗುರು ಆರನೆಯ ಪೌಲರು ಅವರನ್ನು ಪೂಜನೀಯರೆಂದು ಘೋಷಿಸಿದರು. ಕುಡಿತದಿಂದ ಬಿಡುಗಡೆ ಬೇಡುವವರು ಹಲವು ದೇಶಗಳಲ್ಲಿ ಅವರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ.

1972ರಲ್ಲಿ ಅವರ ಪಾರ್ಥಿವ ಶರೀರವನ್ನು ಸ್ಮಶಾನದಿಂದ ತೆಗೆದು, ಅವರು ವಾಸವಾಗಿದ್ದ ಪರಿಸರದಲ್ಲೇ ಇರುವ ಷಾನ್ ಮ್ಯಾಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ಚರ್ಚಿಗೆ ತಂದರು. ಆ ಕೇರಿಯಲ್ಲಿ ಮದ್ಯದ ಜೊತೆಗೆ ಮಾದಕ ಪದಾರ್ಥಗಳ ಪಿಡುಗೂ ಸೇರಿಕೊಂಡ ದಶಕಗಳಲ್ಲಿ ಮಕ್ಕಳಿಗಾಗಿ ಅಳುವ ತಾಯಂದಿರು ಆ ಸಮಾಧಿಯ ಬಳಿ ಬಂದು ಕುಳಿತರು. 1978ರಲ್ಲಿ ಡಬ್ಲಿನ್ನಿನ ಲಿಫಿ ನದಿಗೆ ಹೊಸ ಸೇತುವೆಯೊಂದನ್ನು ಕಟ್ಟಿ ಟಾಲ್ಬಟ್ ಸ್ಮಾರಕ ಸೇತುವೆ ಎಂದು ಹೆಸರಿಟ್ಟರು. ಒಂದು ಕಾಲದಲ್ಲಿ ತಂದೆಯ ಜೊತೆ ಮ್ಯಾಟ್ ದುಡಿದ ಬಂದರಿನ ಪರಿಸರವದು. ಸೇತುವೆಯ ಪಕ್ಕ 1988ರಿಂದ ಅವರ ಪ್ರತಿಮೆ ನಿಂತಿದೆ, ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವವರು ಅದರ ಮುಂದೆಯೇ ಹಾದುಹೋಗುತ್ತಾರೆ.